ಕ್ಯಾನಿನ ಹಿಡಿಗೆ ಕಟ್ಟಿದ್ದು

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಹೋದ ವಾರ ಫೋನು ಮಾಡಿದ್ದಳು. "ಮೇಡಂ, ಮೆಷಿನ್ನಿಗೆ ಪುಸ್ತಕ ಕೊಟ್ಟಿದಾರೆ, ಓದ್ಕೊಂಡೆ. ಮಿಕ್ಕಿದ್ದಕ್ಕೆ ಪುಸ್ತಕ ಇಲ್ವಂತೆ. ನೀವೇ ಏನಾದ್ರೂ ಬರೆದುಕೊಡಿ" ಅಂದಳು. ಮಿಕ್ಕಿದ್ದು ಅಂದರೆ ಏನು ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷ ನಾನು ಮಾಡಿದ್ದೆಲ್ಲ ಆ ಮಿಕ್ಕಿದ್ದೇ. ಆದ್ದರಿಂದ ಕೂತು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ಇದರಲ್ಲಿ ಇಲ್ಲ. ಅದನ್ನು ಓದಿ ಯಾರೂ ಹಾಲು ನೋಡುವುದನ್ನು ಕಲಿಯುವುದಿಲ್ಲ.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಒಂದು ಶೀಟಿನ ಕಟ್ಟಡ, ಅದೇ ನಮ್ಮ ಡೈರಿ. ಹೆಸರು ಬೇಡ. ದೊಡ್ಡ ಡೈರಿಗಳ ಮುಂದೆ ನಾವು ಲೆಕ್ಕಕ್ಕಿಲ್ಲ. ಸುತ್ತಲ ಹಳ್ಳಿಗಳ ಸಂಘಗಳಿಂದ ಕ್ಯಾನುಗಳಲ್ಲಿ ಹಾಲು ಬರುತ್ತಿತ್ತು. ಅದನ್ನು ಪರೀಕ್ಷೆ ಮಾಡಿ, ಕಾಯಿಸಿ, ತಣ್ಣಗೆ ಮಾಡಿ, ಅರ್ಧ ಲೀಟರಿನ ಪ್ಯಾಕೆಟ್ಟಿಗೆ ತುಂಬಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆ ಕಳಿಸುತ್ತಿದ್ದೆವು. ಸಂಬಳದ ಚೀಟಿಯಲ್ಲಿ ನಾನು ಗುಣಮಟ್ಟ ಪರೀಕ್ಷಕಿ. ಹಳ್ಳಿಯವರ ಬಾಯಲ್ಲಿ 'ಆಲು ಮೂಸೋ ಅವ್ವ'. ಎರಡನೆಯದೇ ಸರಿಯಾದ ಹೆಸರು.

ನನಗೆ ಮೂಸುವುದನ್ನು ಕಲಿಸಿದವರು ನನ್ನ ಮೊದಲ ಮ್ಯಾನೇಜರು ಕೇಶವಮೂರ್ತಿಗಳು. ಕೆಲಸಕ್ಕೆ ಸೇರಿದ ದಿನ ಕ್ಯಾನಿನ ಮುಂದೆ ನಿಲ್ಲಿಸಿ, "ಮುಚ್ಚಳ ಎತ್ತಿದ ಮೊದಲನೇ ಉಸಿರಿನಲ್ಲಿ ಎಲ್ಲಾ ಇರ್ತದೆ ತಾಯಿ. ಎರಡನೇ ಸಲ ಮೂಸಿದರೆ ಮೂಗು ರಾಜಿಗೆ ಬಂದುಬಿಡ್ತದೆ" ಎಂದರು. ನಾನು ಪಾಸು ಮಾಡಿದ ಹಾಲಿನಲ್ಲೇ ನನಗೆ ಕಾಫಿ ಮಾಡಿಸುತ್ತಿದ್ದರು. ಒಂದು ದಿನ ಬೇವಿನ ಸೊಪ್ಪು ಮೇದ ಹಸುವಿನ ಹಾಲನ್ನು ಗೊತ್ತಾಗದೆ ಬಿಟ್ಟಿದ್ದೆ. ಆ ಕಾಫಿಯನ್ನು ಅವರೂ ನನ್ನ ಎದುರಿಗೇ ಕೂತು ಪೂರ್ತಿ ಕುಡಿದರು, ಮುಖ ಕಿವುಚಲಿಲ್ಲ, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅದಾದ ಮೇಲೆ ಕಹಿ ಹಾಲು ನನ್ನ ಕೈಯಿಂದ ಒಳಗೆ ಹೋಗಲಿಲ್ಲ.

ಮೂಗು ಕಾಪಾಡಿಕೊಳ್ಳುವುದಕ್ಕೆ ಒಂದಿಷ್ಟು ಕಟ್ಟುಪಾಡು. ಕೆಲಸಕ್ಕೆ ಬರುವ ಮುಂಚೆ ಈರುಳ್ಳಿ ತಿನ್ನಬಾರದು. ಪೌಡರು, ಘಮಘಮಿಸುವ ಸೋಪು ಕೂಡದು. ಎಲೆ ಅಡಿಕೆ ಕೂಡದು. ಹೂವು ಮುಡಿಯಬಾರದು. ಮೊದಲಿನ ಮೂರನ್ನು ಸುಲಭವಾಗಿ ಬಿಟ್ಟೆ. ಹೂವು ಬಿಡುವುದಕ್ಕೆ ಸಂಕಟವಾಯಿತು. ಚನ್ನರಾಯಪಟ್ಟಣದ ತವರು ಮನೆಯಲ್ಲಿ ಬಾವಿಯ ಪಕ್ಕ ಮಲ್ಲಿಗೆ ಚಪ್ಪರವಿತ್ತು, ಮದುವೆಯಾಗುವವರೆಗೂ ತಲೆಯಲ್ಲಿ ಹೂವಿಲ್ಲದ ದಿನವಿರಲಿಲ್ಲ. ರಜೆಯ ದಿನ ಮುಡಿಯೋಣವೆಂದರೆ ಕೂದಲಿನಲ್ಲಿ ಕಂಪು ಮಾರನೇ ದಿನದವರೆಗೂ ಉಳಿಯುತ್ತದೆ. ಅತ್ತೆಯವರು ನೆಂಟರ ಮುಂದೆ, "ನಮ್ಮ ಸೊಸೆಗೆ ಹೂವಿಗಿಂತ ಹಾಲು ಹೆಚ್ಚು" ಎಂದು ಕುಟುಕುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ, ಒಳಗೆ ನೋಯುತ್ತಿತ್ತು.

ಈ ಕಟ್ಟುಪಾಡಿನ ಜೊತೆ ನಾನೇ ಸೇರಿಸಿದ್ದು ಇನ್ನೊಂದು. ಹಳ್ಳಿಯವರು ಕ್ಯಾನಿನ ಹಿಡಿಗೆ ಏನಾದರೂ ಕಟ್ಟಿ ಕಳಿಸುತ್ತಿದ್ದರು. ಕರೀ ದಾರ, ಕುದುರೆ ಕೂದಲು, ಒಣ ಮೆಣಸಿನಕಾಯಿ. ಹಾಲಿಗೆ ದೃಷ್ಟಿ ತಾಗಬಾರದಂತೆ. ಅದರಲ್ಲಿ ಕೊಳೆ ಕೂರುತ್ತದೆ, ಹಾಲಿಗೆ ಬೀಳುತ್ತದೆ ಎಂದು ನಾನು ಸೊಂಟಕ್ಕೊಂದು ಕತ್ತರಿ ಕಟ್ಟಿಕೊಂಡೆ. ಕ್ಯಾನು ಬಂದ ಕೂಡಲೇ ಹಿಡಿಯಲ್ಲಿದ್ದದ್ದನ್ನು ಕತ್ತರಿಸುವುದು, ಬುಟ್ಟಿಗೆ ಹಾಕುವುದು, ಆಮೇಲೆ ಮುಚ್ಚಳ ಎತ್ತುವುದು. ಕೈಗೆ ಅಭ್ಯಾಸವಾಗಿ, ಏನು ಕತ್ತರಿಸಿದೆ ಎಂದು ನೋಡುವುದನ್ನೂ ಬಿಟ್ಟಿದ್ದೆ.

ನಾಲ್ಕಾರು ವರ್ಷದಲ್ಲಿ ಮೂಗು ಪಳಗಿತು. ಯಾರ ಹಸು ಆಲೂಗೆಡ್ಡೆ ಬಳ್ಳಿ ಮೇದಿದೆ, ಯಾರ ಮನೆಯಲ್ಲಿ ಕ್ಯಾನನ್ನು ಬೆಳ್ಳುಳ್ಳಿ ಗೊಂಚಲಿನ ಕೆಳಗೆ ಇಟ್ಟಿದ್ದರು, ಎಲ್ಲ ಹೇಳುತ್ತಿದ್ದೆ. ಜನ ಬೆರಗಾಗಿ ನೋಡುವರು. ಹೊಗಳಿಕೆ ಯಾರಿಗೆ ಬೇಡ? ಮನೆಯಲ್ಲೂ ಅದೇ ಬುದ್ಧಿ. ಯಜಮಾನರ ಅಂಗಿ ಮೂಸಿ, "ಹೋಟೆಲಿನಲ್ಲಿ ಬೋಂಡ ತಿಂದಿರಿ" ಎಂದರೆ ಅವರು, "ನಿನ್ನನ್ನ ಪೊಲೀಸಿಗೆ ಸೇರಿಸಬೇಕಿತ್ತು ಕಣೇ" ಎನ್ನುತ್ತಿದ್ದರು. ನನ್ನ ಮೂಗಿನ ಮೇಲೆ ನನಗೆ ಅಷ್ಟು ಹೆಮ್ಮೆ ಬರಬಾರದಿತ್ತು.

ಪ್ಯಾಕಿಂಗ್ ಕೋಣೆಯ ಮಾತನ್ನೂ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು ದೊಡ್ಡ ಸುರುಳಿಯಾಗಿ ಬರುತ್ತದೆ, ಅದನ್ನು ಫಿಲಂ ಎನ್ನುತ್ತೇವೆ. ಮೆಷಿನ್ನು ಅದನ್ನು ಮಡಚಿ, ಹಾಲು ತುಂಬಿ, ಬಿಸಿ ಹಲ್ಲಿನಿಂದ ಕಚ್ಚಿ ಮುಚ್ಚುತ್ತದೆ. ಅಲ್ಲಿ ಯಜಮಾನಿಕೆ ಗೌರಮ್ಮನದು. ಅಕ್ಷರ ಅಷ್ಟಕ್ಕಷ್ಟೆ, ಆದರೆ ಪ್ಯಾಕೆಟ್ಟನ್ನು ಒಂದು ಸಲ ಅಂಗೈಯಲ್ಲಿ ಅದುಮಿ, "ಇದು ಚನ್ರಾಯಪಟ್ಣ ಮುಟ್ಟಲ್ಲ, ದಾರೀಲೇ ಸೋರ್ತದೆ" ಎಂದಳೆಂದರೆ ಅದು ಸೋರಿಯೇ ತೀರುವುದು. ಒಂದು ಪ್ಯಾಕೆಟ್ಟು ಸೋರಿದರೆ ಕ್ರೇಟೆಲ್ಲ ನಾರುತ್ತದೆ.

ಒಂದು ಸಲ ಮದುವೆ ದಿನಗಳ ಗಡಿಬಿಡಿಯಲ್ಲಿ ಗೌರಮ್ಮ ರಜೆಯಲ್ಲಿದ್ದಳು. ನಾವೇ ಮಾಡುತ್ತಿದ್ದ ಮಸಾಲೆ ಮಜ್ಜಿಗೆಯ ಚಿಕ್ಕ ಪ್ಯಾಕೆಟ್ಟಿನ ಫಿಲಂ ಮೆಷಿನ್ನಿನಲ್ಲೇ ಉಳಿದಿತ್ತು, ಅದಕ್ಕೆ ಹಾಲು ತುಂಬಿ ಕಳಿಸಿಬಿಟ್ಟೆವು. ನಾನು ಹಾಲು ಮೂಸಿದೆನೇ ಹೊರತು ಪ್ಯಾಕೆಟ್ಟಿನ ಮೇಲೆ ಏನು ಅಚ್ಚಾಗಿದೆ ಎಂದು ನೋಡಲಿಲ್ಲ. ಅದು ಮಜ್ಜಿಗೆಯೆಂದೇ ಚನ್ನರಾಯಪಟ್ಟಣದ ಒಂದು ಛತ್ರಕ್ಕೆ ಹೋಯಿತು. ಊಟದ ಕೊನೆಗೆ ಎಲೆಗೊಂದರಂತೆ ಇಟ್ಟರು. ಬೀಗರು ಮೂಲೆ ಕಚ್ಚಿ ಹೀರಿದರೆ ಸಪ್ಪೆ ಹಾಲು! ಹೆಣ್ಣಿನ ತಂದೆ ಬುದ್ಧಿವಂತ, "ನಮ್ಮಲ್ಲಿ ಬೀಗರಿಗೆ ಹಾಲು ಕುಡಿಸೋದು ಪದ್ಧತಿ" ಎಂದು ದಕ್ಕಿಸಿಕೊಂಡರಂತೆ. ಆ ಛತ್ರದಲ್ಲಿ ನನ್ನ ದೊಡ್ಡಮ್ಮನೂ ಉಂಡಿದ್ದರಿಂದ ತವರಿನಲ್ಲಿ ಎಷ್ಟೋ ವರ್ಷ ಈ ಕಥೆ ನನ್ನ ಬೆನ್ನು ಬಿಡಲಿಲ್ಲ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಅರಕಲಗೂಡು ಕಡೆ ಹೇಮಾವತಿಯ ಹಿನ್ನೀರಿನಲ್ಲಿ ಒಂದು ಕೊಪ್ಪಲಿದೆ. ಅಣೆಕಟ್ಟು ಕಟ್ಟಿದಾಗ ತಗ್ಗಿನ ಹೊಲಗಳೆಲ್ಲ ಮುಳುಗಿ, ದಿಬ್ಬದ ಮೇಲಿನ ನಲವತ್ತು ಮನೆ ಉಳಿದುಕೊಂಡವು. ಬೇಸಿಗೆಯಲ್ಲಿ ನಡೆದೇ ಹೋಗಬಹುದು. ನೀರು ತುಂಬಿತೆಂದರೆ ಅರ್ಧ ವರ್ಷ ಅದು ನಡುಗಡ್ಡೆ. ಹಾಗಾಗಿ ಎಲ್ಲರೂ ಅದನ್ನು ನಡುಗಡ್ಡೆ ಕೊಪ್ಪಲು ಎಂದೇ ಕರೆಯುತ್ತಿದ್ದರು. ಹೊಲ ಕಡಿಮೆ, ಹುಲ್ಲು ಬೇಕಾದಷ್ಟು. ಮನೆಮನೆಗೂ ಹಸು. ಹೆಂಗಸರೇ ಸೇರಿ ಹಾಲಿನ ಸಂಘ ಮಾಡಿಕೊಂಡಿದ್ದರು. ಕ್ಯಾನುಗಳನ್ನು ತೆಪ್ಪದಲ್ಲಿ ದಂಡೆಯ ಊರಿಗೆ ತರುವರು, ಅಲ್ಲಿಂದ ನಮ್ಮ ಗಾಡಿ ಹತ್ತಿಸಿಕೊಂಡು ಬರುವುದು. ನೀರಿನ ಕಾಲದಲ್ಲಿ ಬೇರೆ ಯಾರೂ ಅಲ್ಲಿಯವರೆಗೆ ಹೋಗಿ ಹಾಲು ಕೊಳ್ಳುತ್ತಿರಲಿಲ್ಲ.

ಆ ವರ್ಷ ನಮಗೆ ಹೊಸ ಮ್ಯಾನೇಜರು, ನಾಗೇಂದ್ರ ಅಂತ. ಕಡಕ್ ಮನುಷ್ಯ, ನಿಯಮ ಅಂದರೆ ನಿಯಮ. ಒಂದು ತಿಂಗಳಲ್ಲಿ ಮೂರು ಸಲ ಹಾಲು ವಾಪಸ್ಸಾದ ಸಂಘವನ್ನು ಕೈಬಿಡುವುದು ಎಂದು ಗೋಡೆಗೆ ಬರೆಸಿದರು. ನೀರು ತುಂಬಿ ಎರಡು ವಾರವಾಗಿತ್ತು. ಕೊಪ್ಪಲಿನ ಕ್ಯಾನಿನ ಮುಚ್ಚಳ ಎತ್ತಿದೆ, ಮೊದಲನೇ ಉಸಿರಿಗೇ ಹೊಳೆಯ ನೀರಿನ ವಾಸನೆ, ಪಾಚಿ ಕಟ್ಟಿದ ಕಲ್ಲಿನಂಥದ್ದು. ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆಯನ್ನು ಹಾಲಿಗೆ ಬಿಟ್ಟೆ. ಹಾಲು ಗಟ್ಟಿಯಿದ್ದರೆ ಅದು ತೇಲುತ್ತದೆ, ನೀರಿದ್ದರೆ ಮುಳುಗುತ್ತದೆ. ಮುಳುಗಿತು. 'ನೀರು ಬೆರೆಸಿದೆ, ವಾಪಸ್ಸು' ಎಂದು ಬರೆದೆ. ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮತ್ತೆ ಅದನ್ನೇ ಬರೆದೆ.

ಮಾರನೇ ದಿನ ಹಾಲಿನ ಗಾಡಿಯ ಮುಂದುಗಡೆಯಿಂದ ಒಬ್ಬ ಹೆಂಗಸು ಇಳಿದಳು. ಸಣ್ಣ ಆಳು, ಐವತ್ತರ ಹತ್ತಿರ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಆ ಸಂಘದ ಅಧ್ಯಕ್ಷೆ ಸಣ್ಣಮ್ಮ.

"ಯಾರವ್ವ ಇಲ್ಲಿ ಆಲು ಮೂಸೋಳು?"

"ನಾನೇ. ಏನಾಗಬೇಕಿತ್ತು?"

"ನಾವು ನೀರ್ ಆಕಿದೀವಿ ಅಂತ ಬರ್ದೋಳು ನೀನೇಯಾ?"

"ನಾನು ಹೇಳಿದ್ದಲ್ಲ, ಮೀಟರ್ ಹೇಳಿದ್ದು."

"ಮೀಟ್ರು ನಮ್ಮೂರ್ಗೆ ಬಂದಿತ್ತಾ? ನಾವು ಆಲ್ ಕರೆಯಾದ ಕಂಡಿತ್ತಾ?"

ಕೆಲಸದವರೆಲ್ಲ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. "ನೋಡಮ್ಮ, ಹೊಳೆ ನೀರಿನ ವಾಸನೆ ಹೊಡೀತಿದೆ. ನನ್ನ ಮೂಗು ಇವತ್ತಿನವರೆಗೂ ತಪ್ಪಿಲ್ಲ."

"ನನ್ ಮಕ್ಕಳಾಣೆಗೂ ಒಂದ್ ತೊಟ್ಟು ಆಕಿಲ್ಲ ಕಣವ್ವ. ದಂಡೆ ಊರೋರು ನಮ್ನ ನೀರಾಲಿನೋರು ಅಂತಾವ್ರೆ. ಅವ್ರ ಸಂಘದ ಜಗ್ಲಿ ಮ್ಯಾಲೆ ಕ್ಯಾನ್ ಇಡಕ್ಕೂ ಬಿಡಾಕಿಲ್ಲ. ಆಲು ನಿಂತೋದ್ರೆ ಕೊಪ್ಲಲ್ಲಿ ನಾವ್ಯಾರೂ ನಿಲ್ಲಂಗಿಲ್ಲ. ದನ ಮಾರ್ಕಂಡು ಎದ್ದೋಗ್ಬೇಕು, ಅಷ್ಟೇಯ. ಇನ್ನೊಂದ್ ಯೋಳ್ತೀನಿ ಕೇಳು, ನಮ್ ಕ್ಯಾನು..."

ನಾನು ಕೈ ಅಡ್ಡ ಹಿಡಿದೆ. ಇನ್ನೂ ಮೂಸಬೇಕಾದ ಕ್ಯಾನುಗಳಿದ್ದವು. ಮಾತು ಮುಗಿಸಲು ಬಿಟ್ಟಿದ್ದರೆ ಎಲ್ಲವೂ ಅಲ್ಲೇ ತಿಳಿದುಹೋಗುತ್ತಿತ್ತು.

ಅವಳು ಗಾಡಿಯ ಕಡೆ ತಿರುಗಿದಳು. "ಓಗ್ಲಿ ಬುಡವ್ವ. ನಿನ್ ಮೂಗ್ನ ಒಂದಪ ನಮ್ ಕೊಪ್ಲಿಗೆ ತಕ್ಕಬಾ. ಅಲ್ಲಿ ಮೂಸ್ಬುಟ್ಟು ಆಮೇಲೆ ಯೋಳು" ಎಂದು ಗಾಡಿ ಹತ್ತಿದಳು.

ಆ ಮಾತು ನನ್ನನ್ನು ಕೊರೆಯಿತು. ಆ ವಾರದ ರಜೆಯ ಹಿಂದಿನ ದಿನ ಕೆಲಸ ಮುಗಿಸಿ ಹೊರಟು ಅರಕಲಗೂಡಿಗೆ ಬಸ್ಸಿನಲ್ಲಿ, ಅಲ್ಲಿಂದ ದಂಡೆಯ ಊರಿಗೆ ಆಟೋದಲ್ಲಿ, ಆಮೇಲೆ ತೆಪ್ಪದಲ್ಲಿ ಕೊಪ್ಪಲಿಗೆ ಹೋದೆ. ಬೆಳಿಗ್ಗೆ ಹಾಲು ಕರೆಯುವುದನ್ನು ನೋಡಬೇಕಾದರೆ ಅಲ್ಲೇ ಉಳಿಯಬೇಕಿತ್ತು. ಸಣ್ಣಮ್ಮ ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ, ನೀರು ಕೊಟ್ಟಳು, ಬಿಸಿ ಮುದ್ದೆ, ಉಪ್ಸಾರು ಬಡಿಸಿದಳು. ಜಗಳವಾಡಿದವಳಿಗೆ ಎರಡನೇ ಮುದ್ದೆ ಬಲವಂತ ಮಾಡುವ ಹೆಂಗಸು!

ಊಟವಾದ ಮೇಲೆ ನನ್ನ ತಲೆಯನ್ನೇ ನೋಡುತ್ತ ಕೇಳಿದಳು. "ಯಜಮಾನ್ರು ಅವ್ರಾ?"

"ಇದಾರಲ್ಲ."

"ಮತ್ಯಾಕವ್ವ ತಲೇಲಿ ಒಂದ್ ಎಸ್ಳು ಊವಿಲ್ಲ?"

ಹೇಳಿದೆ. ಹೂವಿನ ಕಂಪು ಮೂಗಿನಲ್ಲಿ ಕೂತರೆ ಹಾಲಿನ ವಾಸನೆ ತಿಳಿಯುವುದಿಲ್ಲ, ಅದಕ್ಕೇ ಕೆಲಸಕ್ಕೆ ಸೇರಿದಾಗಿನಿಂದ ಮುಡಿದಿಲ್ಲ ಎಂದೆ. ಬಚ್ಚಲಿನ ಪಕ್ಕ ಅವಳ ಮನೆಯಲ್ಲೂ ಮಲ್ಲಿಗೆ ಬಳ್ಳಿಯಿತ್ತು. "ಅಯ್ಯೋ ಸಿವ್ನೇ, ನಮ್ ಆಲಿನ ದೆಸೆಯಿಂದ್ಲಾ?" ಎಂದಳು.

ಬೆಳಿಗ್ಗೆ ಮನೆಮನೆಯಲ್ಲೂ ನಿಂತು ನೋಡಿದೆ. ಕೆಚ್ಚಲು ತೊಳೆದರು, ಕರೆದರು, ಒಗೆದ ಬಿಳೀ ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಸುರಿದರು. ನಾನು ಮೂಸಿದೆ, ಬುರುಡೆ ಬಿಟ್ಟು ನೋಡಿದೆ. ಅಪ್ಪಟ ಹಾಲು. ಮುಚ್ಚಳ ಹಾಕಿ ತೆಪ್ಪಕ್ಕೆ ತಂದರು. ಆಗ ಸಣ್ಣಮ್ಮ ಕ್ಯಾನುಗಳಿಗೆ ಹಗ್ಗ ಬಿಗಿದು, ತೆಪ್ಪದ ಅಂಚಿನಿಂದ ನೀರಿಗೆ ಇಳಿಬಿಟ್ಟಳು. ಕ್ಯಾನುಗಳು ಕುತ್ತಿಗೆ ದಾಟಿ ಮುಳುಗಿದವು.

"ಇದೇನಮ್ಮ ಮಾಡ್ತಿದೀರ?"

"ತಣ್ಣಗಿರ್ಲಿ ಅಂತ. ಗಾಡಿ ಬರಾಗಂಟ ದಂಡೇಲಿ ಎಲ್ಡ್ ಗಂಟೆ ಕಾಯ್ಬೇಕು. ಬಿಸ್ಲು ಜೋರಿದ್ ದಿನ ಉಳಿಯಾಗ್ಬುಡ್ತದೆ, ಅಂಥ ದಿನ ಇಂಗ್ ಬುಡೋದು. ನಮ್ಮವ್ವ ಮಜ್ಜಿಗೆ ಗಡಿಗೇನ ಇಂಗೇ ಒಳೇಲಿ ಬುಡ್ತಿದ್ಲು."

ಐಸಿಲ್ಲದ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಯಾವ ಇಂಜಿನಿಯರಿಗೂ ಹೊಳೆಯದು. ಆದರೆ ಕರೆದ ಬಿಸಿ ಹಾಲು ತಣ್ಣಗಾಗುವಾಗ ಕ್ಯಾನಿನ ಒಳಗಿನ ಗಾಳಿ ಕುಗ್ಗುತ್ತದೆ, ಸಂದಿಯಿದ್ದರೆ ಹೊರಗಿನದನ್ನು ಎಳೆದುಕೊಳ್ಳುತ್ತದೆ. ದಂಡೆ ಮುಟ್ಟಿದ ಮೇಲೆ ಒಂದು ಕ್ಯಾನಿನ ಮುಚ್ಚಳ ತೆಗೆಸಿದೆ. ಅದೇ ಪಾಚಿಯ ವಾಸನೆ! ಹೆಂಗಸರೆಲ್ಲ ಕ್ಯಾನಿನೊಳಕ್ಕೆ ಬಗ್ಗಿ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. ಅವರಿಗೂ ಗೊತ್ತಿರಲಿಲ್ಲ. ಮುಚ್ಚಳ ತಿರುಗಿಸಿ ನೋಡಿದರೆ ಒಳಗಿನ ರಬ್ಬರ್ ಬಳೆ ಸವೆದು ದಾರದಂತಾಗಿತ್ತು.

ಅಷ್ಟರಲ್ಲಿ ಸಣ್ಣಮ್ಮ ಮಡಿಲಿನಿಂದ ಏನೋ ಕಪ್ಪಗಿನ ಚೂರು ತೆಗೆದು ಕ್ಯಾನಿನ ಹಿಡಿಗೆ ಕಟ್ಟತೊಡಗಿದಳು.

"ಇಷ್ಟು ದಪ್ಪದ ದೃಷ್ಟಿ ದಾರ ಯಾಕಮ್ಮ?" ಎಂದೆ.

"ದುಷ್ಟಿ ಅಲ್ಲ ಕಣವ್ವ, ರಬ್ರು! ಮುಚ್ಚಳದ್ದು. ಸವ್ದೋಗದೆ, ಗಾಡೀಲಿ ಆಲು ಚೆಲ್ತದೆ. ಡ್ರೈವರಪ್ಪನೇಯ, ಇಂಥದೇ ಬೇಕು ಅಂತ ತುಂಡು ಕಟ್ ಕಳ್ಸಿ, ಡೈರೀಲಿ ನೋಡ್ತಾರೆ ಅಂದ. ಒಂದ್ ತಿಂಗ್ಳಿಂದ ದಿನಾ ಕಟ್ತಾ ಇವ್ನಿ. ದಿನಾ ನೀವು ಬಿಚ್ಕಂತೀರಿ. ರಬ್ರು ಮಾತ್ರ ಬರಾಕಿಲ್ಲ. ಅವತ್ತು ನಿನ್ಗೆ ಅದ್ನೇ ಯೋಳಕ್ ಬಂದಿದ್ದೆ."

ನಮ್ಮ ಕಡೆ ಬೇಕಾದ ವಸ್ತುವಿನ ಚೂರನ್ನೇ ಕಳಿಸುವುದು ರೂಢಿ. ಬಳೆ ಬೇಕಾದರೆ ಹಳೇ ಬಳೆ, ರವಿಕೆ ಹೊಲಿಸಲು ಹಳೇ ರವಿಕೆ, ದಾರ ಬೇಕಾದರೆ ದಾರದ ಎಳೆ. ನಾನೂ ಇದೇ ನೆಲದಲ್ಲಿ ಹುಟ್ಟಿದವಳು, ನನಗೆ ತಿಳಿಯಬೇಕಿತ್ತು. ಒಂದು ತಿಂಗಳು ಅವರು ದಿನಾ ನನ್ನ ಕೈಗೇ ಕಾಗದ ಬರೆದಿದ್ದರು, ನಾನು ದಿನಾ ಅದನ್ನು ಕತ್ತರಿಯಲ್ಲಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೆ. ಆಮೇಲೆ ಮುಚ್ಚಳ ತೆಗೆದು, ನೀವು ಕಳ್ಳರು ಎಂದು ಬರೆದಿದ್ದೆ. ನನಗೆ ನಾಚಿಕೆಯಾಯಿತು. ಆದರೂ ಆ ದಂಡೆಯ ಮೇಲೆ ನಿಂತು, ಅದನ್ನು ಕತ್ತರಿಸಿದವಳು ನಾನೇ ಎಂದು ಬಾಯಿ ಬಿಡಲಿಲ್ಲ. "ಇವತ್ತಿನ ಹಾಲು ಡೈರಿಗೆ ಬೇಡ, ಮನೇಲೇ ಬಳಸಿ. ರಬ್ಬರ್ ಬರೋವರೆಗೂ ಕ್ಯಾನನ್ನ ನೀರಿಗೆ ಬಿಡಬೇಡಿ" ಎಂದಷ್ಟೇ ಹೇಳಿ ಬಂದೆ.

ಇದು ಎರಡನೇ ತಪ್ಪು. ನೀರಿಗೆ ಬಿಡದಿದ್ದರೆ ಹಾಲು ಹುಳಿಯುತ್ತದೆ ಎಂದು ಸಣ್ಣಮ್ಮ ಆಗಲೇ ಹೇಳಿದ್ದಳು.

ಮಾರನೇ ದಿನ ಕೊಪ್ಪಲಿನ ಕ್ಯಾನು ಬಂತು. ಹಿಡಿಯಲ್ಲಿ ರಬ್ಬರ್ ಚೂರು. ಕತ್ತರಿ ಮುಟ್ಟಲಿಲ್ಲ. ಮುಚ್ಚಳ ಎತ್ತಿದೆ. ಮೊದಲನೇ ಉಸಿರಿನಲ್ಲೇ ಹುಳಿ. ಒಂದು ಕ್ಯಾನು ಹುಳಿ ಹಾಲು ಸೇರಿದರೆ ಇಡೀ ಟ್ಯಾಂಕು ಒಡೆಯುತ್ತದೆ, ಊರಿನ ಮಕ್ಕಳ ಬಾಯಿಗೆ ಹೋಗುವ ಹಾಲು. ಬಿಡುವಂತಿರಲಿಲ್ಲ. ವಾಪಸ್ಸು ಎಂದು ಬರೆದರೆ ಮೂರನೆಯದು, ಸಂಘ ಮುಗಿಯಿತು. ಎರಡನೇ ಸಲ ಮೂಸಿದೆ, ನನ್ನ ಜೀವಮಾನದಲ್ಲಿ ಅದೊಂದೇ ಸಲ. ಕೇಶವಮೂರ್ತಿಗಳು ಹೇಳಿದಂತೆ ಮೂಗು ರಾಜಿಗೆ ಬಂತು, 'ಪರವಾಗಿಲ್ಲ, ಬಿಡು' ಎಂದಿತು. ಆ ಕಹಿ ಕಾಫಿ ನೆನಪಾಯಿತು. 'ಹುಳಿ, ವಾಪಸ್ಸು' ಎಂದು ಬರೆದು, ಹಿಡಿಯಲ್ಲಿದ್ದ ಚೂರನ್ನು ಬಿಚ್ಚಿಕೊಂಡು ನೇರ ನಾಗೇಂದ್ರರ ಕೋಣೆಗೆ ಹೋದೆ.

"ಸರ್, ಮೊದಲಿನ ಎರಡು ರಿಜೆಕ್ಷನ್ ಹೊಡೆದು ಹಾಕಬೇಕು. ತಪ್ಪು ನಂದು." ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವರು ಆ ಚೂರನ್ನು ಮೇಜಿನ ಮೇಲಿಟ್ಟು ನೋಡಿದರು. "ಬರೆದು ಕೊಡ್ತೀರಾ? ನಿಮ್ಮ ಫೈಲಿಗೆ ಹೋಗ್ತದೆ."

"ಕೊಡ್ತೀನಿ."

"ಗೋಡೆ ಮೇಲೆ ಮೂರು ಸಲ ಅಂತ ಬರೆಸಿದವನು ನಾನು. ಯಾಕೆ ವಾಪಸ್ಸಾಯ್ತು ಅಂತ ಒಂದು ಸಲ ಹೋಗಿ ನೋಡಬೇಕು ಅಂತ ಬರೆಸಲಿಲ್ಲ" ಎಂದು ಅವರು ಆ ಎರಡನ್ನೂ ಹೊಡೆದು ಹಾಕಿ, ಎದ್ದು ಸ್ಕೂಟರಿನ ಕೀಲಿ ತೆಗೆದುಕೊಂಡರು. ಕಡಕ್ ಮನುಷ್ಯ ಎಂದೆನಲ್ಲ, ಆವತ್ತು ಅವರೇ ಹೊಳೆನರಸೀಪುರ, ಹಾಸನದ ಅಂಗಡಿಗಳನ್ನೆಲ್ಲ ಸುತ್ತಿದರು. ಆ ಹಳೇ ಕ್ಯಾನಿನ ಅಳತೆಯ ರಬ್ಬರ್ ಎಲ್ಲೂ ಸಿಗಲಿಲ್ಲ, ಮಾಡಿಸಿ ತರಿಸಲು ಮೂರು ವಾರ ಬೇಕು ಎಂದರಂತೆ.

ಮೂರು ವಾರ ಹಾಲು ಉಳಿಸುವುದು ಹೇಗೆ? ದಾರಿ ತೋರಿಸಿದ್ದು ಗೌರಮ್ಮ. ಹೊಸ ಸುರುಳಿ ಹಾಕುವಾಗ ಮೊದಲಿನ ನಾಲ್ಕಾರು ಮಾರು ಫಿಲಂ ಹಾಲು ತುಂಬದೆ ಖಾಲಿ ಹೋಗುತ್ತದೆ, ಕಸಕ್ಕೆ ಎಸೆಯುತ್ತಾರೆ. "ಅಕ್ಕ, ಉಪ್ಪಿನ್ಕಾಯ್ ಜಾಡಿಗೆ ಬಟ್ಟೆ ಕಟ್ಟಾಕಿಲ್ವಾ? ಅಂಗೇ ಇದ್ನ ಎರಡು ಮಡಿಕೆ ಮಾಡಿ ಕ್ಯಾನಿನ ಬಾಯ್ಗೆ ಕಟ್ಟಿ, ಮ್ಯಾಲೆ ಮುಚ್ಚಳ ಒತ್ತುದ್ರೆ ಗಾಳೀನೂ ಓಗಲ್ಲ ಬುಡಿ" ಎಂದಳು. ಹಾಲಿಗೆಂದೇ ಮಾಡಿದ ಫಿಲಂ, ಚೊಕ್ಕಟ. ಬಕೆಟ್ಟಿನಲ್ಲಿ ಕಟ್ಟಿ ಮುಳುಗಿಸಿ ನೋಡಿದೆವು, ಒಂದು ತೊಟ್ಟೂ ಒಳಗೆ ಬರಲಿಲ್ಲ. ಪ್ಯಾಕಿಂಗಿನ ಹೆಂಗಸರು ದಿನಾ ಊಟದ ಹೊತ್ತಿನಲ್ಲಿ ಚೌಕ ಚೌಕ ಕತ್ತರಿಸಿ, ಮಡಚಿ, ಕಟ್ಟು ಕಟ್ಟಿ ಕೊಡುವರು. ತಾವು ಕಾಣದ ಊರಿಗೆ, ಯಾರೂ ಹೇಳದೆ.

ಮೊದಲ ಕಟ್ಟನ್ನು ನಾನೇ ಗಾಡಿಯಲ್ಲಿ ಒಯ್ದೆ. ದಂಡೆಯ ಊರಿನ ಸಂಘದಲ್ಲಿ ಹಾಲು ಹಾಕಲು ಜನ ಸೇರಿದ್ದರು. ಕೊಪ್ಪಲಿನವರು ದೂರ ಬಿಸಿಲಿನಲ್ಲಿ ನಿಂತಿದ್ದರು. ನಾನು ಜಗಲಿಯ ಮೇಲೆ ನಿಂತು, "ಇವರು ನೀರು ಹಾಕಲಿಲ್ಲ. ರಬ್ಬರ್ ಬೇಕು ಅಂತ ಕಟ್ಟಿ ಕಳಿಸಿದ್ದನ್ನ ದೃಷ್ಟಿ ದಾರ ಅಂದ್ಕೊಂಡು ಕತ್ತರಿಸಿದ್ದು ನಾನು. ಇವರ ಮೇಲೆ ಬಂದ ಹೆಸರು ನನ್ನ ದೆಸೆಯಿಂದ ಬಂದದ್ದು" ಎಂದು ಎಲ್ಲರೆದುರು ಹೇಳಿದೆ. ಆ ಊರಿನ ಕಾರ್ಯದರ್ಶಿ ತಲೆ ಕೆರೆದುಕೊಂಡು, "ನಾವೂ ಬಾಯಿಗ್ ಬಂದಂಗಂದ್ಬುಟ್ಟೋ ಸಾ... ಅಲ್ಲ, ಮೇಡಮ್ಮೋರೆ" ಎಂದ. ಆಮೇಲೆ ಕೊಪ್ಪಲಿನವರ ಕಡೆ ತಿರುಗಿ, "ಬಿಸ್ಲಲ್ ಯಾಕ್ ನಿಂತಿರಿ, ಬನ್ರವ್ವ ಮ್ಯಾಕೆ" ಎಂದು ತಾನೇ ಕ್ಯಾನು ಎತ್ತಿಟ್ಟ. ಆ ವರ್ಷವೇ ಊರಿನವರು ಸೇರಿ ಜಗಲಿಯ ಪಕ್ಕ ಕೊಪ್ಪಲಿನ ಕ್ಯಾನುಗಳಿಗೆಂದು ಒಂದು ತಣ್ಣೀರಿನ ತೊಟ್ಟಿ ಕಟ್ಟಿಕೊಟ್ಟರು. ಸಣ್ಣಮ್ಮ ನನ್ನನ್ನು ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಫಿಲಮ್ಮಿನ ಕಟ್ಟನ್ನು ತೆಗೆದುಕೊಂಡು, "ಉಂಡಿದೀಯಾ?" ಎಂದು ಕೇಳಿದಳು.

ಮಾರನೇ ದಿನದ ಕ್ಯಾನಿಗೆ ಜಾಡಿಯಂತೆ ಫಿಲಂ ಬಿಗಿದಿತ್ತು, ಅದರ ಮೇಲೆ ನಮ್ಮದೇ ಅಕ್ಷರದಲ್ಲಿ 'ಹಾಲು' ಎಂದು ಅಚ್ಚು. ನಾಗೇಂದ್ರರು ಪಕ್ಕದಲ್ಲೇ ನಿಂತಿದ್ದರು. ಬಿಚ್ಚಿ ಮೂಸಿದೆ. ಹುಲ್ಲು ಮೇದ ಹಸುವಿನ ತಣ್ಣನೆಯ ಹಾಲು, ಅಷ್ಟೇ. ಅದರಲ್ಲೇ ಕಾಫಿ ಮಾಡಿಸಿ ಇಬ್ಬರೂ ಕುಡಿದೆವು.

ಆಮೇಲೆ ಬಹಳ ಬದಲಾಯಿತು. ಹಾಲಿನ ತೊಟ್ಟು ಹಾಕಿದರೆ ಕೊಬ್ಬು, ನೀರು, ಉಪ್ಪು ಎಲ್ಲ ಚೀಟಿಯಲ್ಲಿ ಬರೆದು ಕೊಡುವ ಮೆಷಿನ್ನು ಬಂತು. ಬೇರೆ ಹಳ್ಳಿಗಳಿಗೆ ತಂಪು ಮಾಡುವ ದೊಡ್ಡ ಟ್ಯಾಂಕು ಬಂದು ಕ್ಯಾನುಗಳೇ ಇಲ್ಲವಾದವು. ನಡುಗಡ್ಡೆ ಕೊಪ್ಪಲಿನಿಂದ ಮಾತ್ರ ಇವತ್ತಿಗೂ ತೆಪ್ಪದಲ್ಲಿ ಕ್ಯಾನು ಬರುತ್ತದೆ, ರಬ್ಬರ್ ಬಳೆ ವರ್ಷಕ್ಕೆರಡು ಸಲ ಕೇಳದೆಯೇ ಹೋಗುತ್ತದೆ. ಮೆಷಿನ್ನು ಒಳ್ಳೆಯದು ಕಣಮ್ಮ, ಅದರ ಮೇಲೆ ನನಗೆ ಸಿಟ್ಟಿಲ್ಲ. ನೀರಿದೆ ಎಂದು ಹೇಳುತ್ತದೆ, ನನಗಿಂತ ಸರಿಯಾಗಿಯೇ ಹೇಳುತ್ತದೆ. ನನ್ನ ಮೂಗೂ ಅವತ್ತು ಸರಿಯಾಗಿಯೇ ಹೇಳಿತ್ತು. ನೀರು ಹೇಗೆ ಬಂತು ಎಂದು ಕೇಳಲು ಮಾತ್ರ ನೀನೇ ತೆಪ್ಪ ಹತ್ತಬೇಕು. ಕತ್ತರಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಡ, ಮೇಜಿನ ಮೇಲಿಡು. ಎದ್ದು ಹೋಗಿ ತರುವಷ್ಟರಲ್ಲಿ ಏನು ಕಟ್ಟಿದ್ದಾರೆ ಎಂದು ನೋಡಲು ಸಮಯ ಸಿಗುತ್ತದೆ.

ನಾನು ನಿವೃತ್ತಳಾದ ದಿನದ್ದೊಂದು ಹೇಳಿ ಮುಗಿಸುತ್ತೇನೆ. ಕೊಪ್ಪಲಿನ ಗಾಡಿ ಎಂದಿನಂತೆ ಕೊನೆಗೆ ಬಂತು. ಕ್ಯಾನು ಇಳಿಸಿದರು. ಹಿಡಿಗೆ ಏನೋ ಕಟ್ಟಿತ್ತು, ಬಾಳೆ ಎಲೆಯಲ್ಲಿ ಸುತ್ತಿದ್ದು. ಅಷ್ಟು ವರ್ಷವಾದರೂ ಕೈ ಮೇಜಿನ ಕಡೆ ಕತ್ತರಿಗೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡು ಬೆರಳಿನಿಂದಲೇ ಬಿಚ್ಚಿದೆ. ಎರಡು ಮೊಳ ಮಲ್ಲಿಗೆ ದಂಡೆ. ಡ್ರೈವರು, "ಸಣ್ಣಮ್ಮಜ್ಜಿ ಕಳ್ಸವ್ಳೆ ಮೇಡಂ. 'ಇನ್ ಮ್ಯಾಲೆ ಆಲು ಮೂಸಂಗಿಲ್ವಲ್ಲ, ಈಗ್ಲಾದ್ರೂ ಮುಡ್ಕಳಕ್ಕೇಳು' ಅಂದ್ಲು" ಎಂದ. ಆ ಹೆಂಗಸು ಅಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡಿದ್ದಳು.

ಆದರೆ ಕ್ಯಾನು ಇನ್ನೂ ನೋಡಿರಲಿಲ್ಲ. ಹೂವನ್ನು ಒಯ್ದು ಗೇಟಿನ ಹತ್ತಿರದ ಹೊಂಗೆ ಮರದ ಕೊಂಬೆಗೆ ತೂಗಿಬಿಟ್ಟು, ಕೈ ತೊಳೆದುಕೊಂಡು ಬಂದೆ. ಅರಕಲಗೂಡಿನಿಂದ ಅಷ್ಟು ದೂರ ಆ ಹೂವಿನ ಪಕ್ಕವೇ ಕೂತು ಬಂದ ಕ್ಯಾನು. ಮುಚ್ಚಳ ಎತ್ತಿ ಒಂದೇ ಒಂದು ಉಸಿರು ಎಳೆದುಕೊಂಡೆ. ಒಳಗೆ ಮಲ್ಲಿಗೆಯ ಕಂಪು ಒಂದು ಚೂರೂ ಇರಲಿಲ್ಲ, ರಬ್ಬರ್ ಅಷ್ಟು ಬಿಗಿಯಾಗಿತ್ತು. 'ಒಳ್ಳೆಯದು' ಎಂದು ಬರೆದು ಸಹಿ ಹಾಕಿದೆ. ಆಮೇಲೆ ಹೊಂಗೆ ಮರದ ಕೆಳಗೆ ನಿಂತು ಹೂವು ಮುಡಿದುಕೊಂಡು ಹಾಸನದ ಬಸ್ಸು ಹತ್ತಿದೆ.